ಬಾತ್‌ರೂಮ್ ಬಾಗಿಲು ಎಷ್ಟು ಇಂಚು ಅಂತ ಹೇಳ್ತೀರಾ? ಪ್ರವಾಸೋದ್ಯಮ ಇಲಾಖೆಗೂ ಹೋಟೆಲ್ ಮಾಲೀಕರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಇಲಾಖೆಯವ್ರಿಗೂ, ನಮ್ಮ ರಾಜ್ಯದಲ್ಲಿ ಹೋಟೆಲು, ಲಾಡ್ಜು, ಹೋಮ್‌ಸ್ಟೇ ನಡೆಸ್ತಿರೋ ಮಾಲೀಕರಿಗೂ ಸೇರಿಸಿ ಒಂದೇ ಪತ್ರ ಬರೀತಿದೀನಿ, ಯಾಕಂದ್ರೆ ಇಲಾಖೆಯವ್ರನ್ನ ಕೇಳಿದ್ರೆ ಹೋಟೆಲಿನವ್ರ ಕಡೆ ಕೈ ತೋರಿಸ್ತಾರೆ, ಹೋಟೆಲಿನವ್ರನ್ನ ಕೇಳಿದ್ರೆ ಸರ್ಕಾರದ ಕಡೆ ತೋರಿಸ್ತಾರೆ, ಮಧ್ಯದಲ್ಲಿ ಲಗೇಜ್ ಹಿಡ್ಕೊಂಡು ನಿಂತಿರೋರು ನಾವು. ಹೋಟೆಲಿನ ಹೆಸರು ಹಾಕಲ್ಲ. ಹಾಕಿದ್ರೆ ತಪ್ಪೆಲ್ಲ ಅವ್ರೊಬ್ರದ್ದೇ ಆಗೋಗತ್ತೆ, ಉಳಿದವ್ರು ಓದ್ಬಿಟ್ಟು ಸದ್ಯ ನಮ್ದಲ್ಲ ಅಂತ ಮುಂದೆ ಹೋಗ್ತಾರೆ. ಹೊಸಪೇಟೆ ಊರೊಳಗಿರೋ ಒಂದು ಹೋಟೆಲು ಅಂತ ಇಟ್ಕೊಳಿ. ಹೊರಗಡೆ ಗಾಜು, ಒಳಗಡೆ ಗ್ರಾನೈಟು, ರಿಸೆಪ್ಷನ್ ಹಿಂದೆ ಹಂಪಿ ಫೋಟೋ, ಇಂಥವು ಚಿಕ್ಕಮಗಳೂರಲ್ಲೂ ಸಿಗತ್ತೆ, ಮಡಿಕೇರೀಲೂ ಸಿಗತ್ತೆ.

ನಾವು ತುಮಕೂರಿನವ್ರು. ಹೋಗಿದ್ದು ನಾನು, ನನ್ನ ಹೆಂಡತಿ, ಮಗಳು, ಮಂಡಿ ನೋವಿರೋ ಅಮ್ಮ, ಮತ್ತೆ ನನ್ನ ತಂಗಿ. ತಂಗಿಗೆ ಬೈಕ್ ಆಕ್ಸಿಡೆಂಟಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ವೀಲ್‌ಚೇರಲ್ಲಿ ಓಡಾಡ್ತಾಳೆ. ಬ್ಯಾಂಕಲ್ಲಿ ಕೆಲಸ, ಕೈಯಲ್ಲೇ ಆಕ್ಸಿಲರೇಟರ್ ಬ್ರೇಕ್ ಎಲ್ಲ ಇರೋ ಹಾಗೆ ಮಾಡಿಸಿಕೊಂಡಿರೋ ಕಾರು ಅವಳೇ ಓಡಿಸ್ತಾಳೆ, ತುಮಕೂರಿಂದ ಚಿತ್ರದುರ್ಗ ದಾಟಿ ಹೊಸಪೇಟೆವರೆಗೂ ಅರ್ಧಕ್ಕಿಂತ ಜಾಸ್ತಿ ದಾರಿ ಓಡಿಸಿದ್ದೂ ಅವಳೇ. ಪ್ರಮೋಷನ್ ಆಗಿದ್ದಕ್ಕೆ ನಮಗೆಲ್ಲ ಟ್ರಿಪ್ ಅಂತ ಪೂರ್ತಿ ಖರ್ಚು ಅವಳದ್ದು, ರೂಮ್ ಬುಕ್ ಮಾಡಿದ್ದು ಅವಳು, ಫೋನ್ ಮಾಡಿ ವಿಚಾರಿಸಿದ್ದೂ ಅವಳು. ಇದೆಲ್ಲ ಯಾಕ್ ಹೇಳ್ತಿದೀನಿ ಅಂತ ಮುಂದೆ ಗೊತ್ತಾಗತ್ತೆ.

ಬುಕಿಂಗ್ ಆ್ಯಪಲ್ಲಿ ಆ ಹೋಟೆಲಿನ ಹೆಸರಿನ ಕೆಳಗೆ ವೀಲ್‌ಚೇರ್ ಚಿತ್ರ ಇತ್ತು, ಪಕ್ಕದಲ್ಲಿ ಹಸಿರು ಟಿಕ್ಕು. ಆ ಟಿಕ್ಕನ್ನ ನಂಬಿ ಕೆಟ್ಟವ್ರು ಬೇಕಾದಷ್ಟು ಜನ ಇದಾರೆ ಅಂತ ಅವಳಿಗೆ ಗೊತ್ತು, ಅದಕ್ಕೆ ಫೋನ್ ಮಾಡಿದ್ಲು. ಸ್ಪೀಕರ್ ಹಾಕಿದ್ಲು, ನಾನೂ ಕೇಳಿಸ್ಕೊಂಡೆ.

"ವೀಲ್‌ಚೇರ್ ಒಳಗೆ ಬರತ್ತಾ?"

"ಬರ್ತೈತ್ರೀ ಮೇಡಂ, ಲಿಫ್ಟ್ ಐತ್ರಿ, ಎಲ್ಲಾ ಐತ್ರಿ."

"ಬಾಗಿಲ ಹತ್ರ ಮೆಟ್ಟಿಲಿದ್ಯಾ?"

"ಒಂದೆರಡು ಇರಬೇಕ್ರಿ, ಹುಡುಗ್ರು ಇರ್ತಾರ್ರಿ, ತೊಂದ್ರಿ ಇಲ್ರಿ."

"ಬಾತ್‌ರೂಮ್ ಬಾಗಿಲು ಎಷ್ಟು ಅಗಲ ಇದೆ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ದೊಡ್ಡದೇ ಐತ್ರೀ ಮೇಡಂ, ಬರ್ರಿ ನೀವು."

ಹೋದ್ವಿ. ಒಂದೆರಡು ಅಂದಿದ್ದು ಐದು ಮೆಟ್ಟಿಲು. ಪೋರ್ಟಿಕೋದಲ್ಲಿ, ರ‍್ಯಾಂಪ್ ಹಾಕೋಕೆ ಸರಿಯಾಗಿ ಜಾಗ ಇರೋ ಕಡೆ, ಸಿಮೆಂಟಲ್ಲಿ ಮಾಡಿದ ಕಲ್ಲಿನ ರಥ ನಿಲ್ಸಿದಾರೆ, ಅದೇ ವಿಠ್ಠಲ ದೇವಸ್ಥಾನದ್ದು, ನಮ್ಮ 50 ರೂಪಾಯಿ ನೋಟಿನ ಹಿಂದೆ ಇದ್ಯಲ್ಲ ಅದು. ಸುತ್ತ ಕಾರಂಜಿ, ಕಲರ್ ಲೈಟು. ಜನ ಅಲ್ಲಿ ನಿಂತು ಸೆಲ್ಫಿ ತಗೋತಿದ್ರು. ಮೆಟ್ಟಿಲ ಪಕ್ಕ ಒಂದು ರ‍್ಯಾಂಪೂ ಇತ್ತು, ಇಲ್ಲ ಅಂತ ಹೇಳಲ್ಲ, ಆರಡಿ ಉದ್ದದ ಕಬ್ಬಿಣದ ತಗಡು, ಟ್ರಾಲಿ ಬ್ಯಾಗ್ ಎಳೆಯೋಕೆ ಇಟ್ಟಿದ್ದು. ಲೆಕ್ಕ ಹೇಳ್ತೀನಿ ಕೇಳಿ. ಒಂದು ಮೆಟ್ಟಿಲು ಆರಿಂಚು ಅಂದ್ರೆ ಐದು ಮೆಟ್ಟಿಲು 30 ಇಂಚು ಎತ್ತರ. ಕೇಂದ್ರ ಸರ್ಕಾರದ ಮಾರ್ಗಸೂಚೀಲಿ ರ‍್ಯಾಂಪಿನ ಇಳಿಜಾರು 1:12 ಅಂತಿದೆ, ಅಂದ್ರೆ ಒಂದಿಂಚು ಏರೋಕೆ ಹನ್ನೆರಡು ಇಂಚು ಉದ್ದ ಬೇಕು, ಹಂಗಾದ್ರೆ 30 ಇಂಚಿಗೆ 30 ಅಡಿ. ಇವ್ರತ್ರ ಇದ್ದಿದ್ದು ಆರಡಿ. ಅದರ ಮೇಲೆ ವೀಲ್‌ಚೇರ್ ಹತ್ತಿಸಿದ್ರೆ ಹಿಂದಕ್ಕೆ ಮಗುಚ್ಕೊಳತ್ತೆ, ಇಳಿಸಿದ್ರೆ ಮುಂದಕ್ಕೆ ಬೀಳತ್ತೆ.

ನಾವಿನ್ನೂ ನೋಡ್ತಾ ನಿಂತಿದೀವಿ, ಅಷ್ಟರಲ್ಲಿ ನಾಕು ಜನ ಹುಡುಗ್ರು ಓಡಿ ಬಂದು ಚೇರಿಗೆ ಕೈ ಹಾಕಿದ್ರು. ಕೇಳಲಿಲ್ಲ. ಒಬ್ಬ ಫುಟ್‌ರೆಸ್ಟ್ ಹಿಡ್ದ, ಅದು ಎಳೆದ್ರೆ ಕಳಚ್ಕೊಂಡು ಬರೋ ಪಾರ್ಟು. ಒಬ್ಬ ಚಕ್ರ ಹಿಡ್ದ, ಚಕ್ರ ತಿರುಗತ್ತೆ. ಮದುವೆ ಮನೇಲಿ ಬೀರು ಎತ್ತೋ ಹಾಗೆ ಎತ್ರೀ, ಆ ಕಡೆ ತಗ್ಸ್ರೀ, ನಿಧಾನ್ರೀ ಅಂತ ಕೂಗಾಡ್ತಾ ಎತ್ಕೊಂಡು ಹೋಗೇಬಿಟ್ರು, ಅವಳು ಎರಡೂ ಕೈಯಲ್ಲಿ ಆರ್ಮ್‌ರೆಸ್ಟ್ ಗಟ್ಟಿಯಾಗಿ ಹಿಡ್ಕೊಂಡು ಫ್ರೇಮ್ ಹಿಡ್ಕೊಳಿ, ಫ್ರೇಮ್ ಹಿಡ್ಕೊಳಿ ಅಂತ ಹೇಳ್ತಾನೇ ಇದ್ಲು, ಸೆಲ್ಫಿ ತಗೋತಿದ್ದೋರೆಲ್ಲ ಈ ಕಡೆ ತಿರುಗಿ ನೋಡ್ತಾ ನಿಂತ್ರು. ಆ ಹುಡುಗ್ರನ್ನ ನಾನು ಬೈಯಲ್ಲ. ಒಳ್ಳೇ ಮನಸ್ಸಿಂದಾನೇ ಮಾಡಿದ್ದು, ಅವ್ರಿಗೆ ಯಾರೂ ಹೇಳ್ಕೊಟ್ಟಿಲ್ಲ ಅಷ್ಟೇ. ಆದ್ರೆ ಮಾಲೀಕರಿಗೆ ಒಂದು ಮಾತು ಹೇಳ್ಬೇಕು: ಎತ್ಕೊಂಡು ಹೋಗೋದು ಸರ್ವೀಸ್ ಅಲ್ಲ ಸ್ವಾಮಿ. ಒಳಗೆ ಹೋಗೋಕೆ ನಾಕು ಜನ, ಹೊರಗೆ ಬರೋಕೆ ನಾಕು ಜನ, ಸಾಯಂಕಾಲ ಒಂದು ಎಳನೀರು ಕುಡ್ಯೋಣ ಅಂತ ರೋಡಿಗೆ ಇಳಿಯೋಕೆ ಮತ್ತೆ ನಾಕು ಜನ. ಅವಳು ಅದಕ್ಕೇ ಸಾಯಂಕಾಲ ಹೊರಗೆ ಬರಲೇ ಇಲ್ಲ.

ರಿಸೆಪ್ಷನ್ ಕಥೆ ಇನ್ನೊಂದು. ಬುಕಿಂಗ್ ಅವಳ ಹೆಸರಲ್ಲಿದೆ, ದುಡ್ಡು ಅವಳ ಕಾರ್ಡಿಂದ ಹೋಗಿದೆ, ಕೌಂಟರ್ ಮುಂದೆ ಇರೋದೂ ಅವಳೇ, ಆದ್ರೆ ಕೌಂಟರ್ ಎತ್ತರ ಎಷ್ಟಿದೆ ಅಂದ್ರೆ ಆ ಕಡೆ ಕೂತವ್ನಿಗೆ ಅವಳ ತಲೆ ಮಾತ್ರ ಕಾಣ್ತಿತ್ತು. ಅವನು ಪೂರ್ತಿ ಹೊತ್ತು ನನ್ನ ಮುಖ ನೋಡ್ಕೊಂಡೇ ಮಾತಾಡ್ದ. "ಇವ್ರ ಆಧಾರ್ ಐತೇನ್ರೀ ಸರ್? ಇವ್ರು ಸೈನ್ ಮಾಡ್ತಾರ್ರೀ? ಇವ್ರು ಊಟಕ್ಕೆ ಏನ್ ತಗೋತಾರ್ರಿ?" ಮೂರನೇ ಪ್ರಶ್ನೆಗೆ ತಂಗಿ, "ಇವ್ರು ಮೀನು ತಿಂತಾರೆ, ಲೋನೂ ಕೊಡ್ತಾರೆ" ಅಂದ್ಲು. ಅವನಿಗೆ ಅರ್ಥ ಆಗ್ಲಿಲ್ಲ, ನಮ್ಮಮ್ಮ ಮಾತ್ರ ನಕ್ರು.

ಚೆಕ್‌ಇನ್ 12 ಗಂಟೆಗೆ ಅಂತಿದ್ರೂ ರೂಮ್ ರೆಡಿ ಇರ್ಲಿಲ್ಲ, ಊಟದ ಹೊತ್ತು ದಾಟೋವರೆಗೂ ಲಾಬೀಲಿ ಕೂತಿದ್ವಿ. ಇದನ್ನ ದೊಡ್ಡದು ಮಾಡಲ್ಲ, ಸೀಸನಲ್ಲಿ ಆಗತ್ತೆ. ಹಾಗೇ ಬಿಸಿನೀರು ಬೆಳಿಗ್ಗೆ ಒಂದು ಹೊತ್ತು ಬಿಟ್ರೆ ಬರಲ್ಲ, ಟವಲ್ ಕೇಳಿದ್ರೆ ಎರಡು ಸಲ ಫೋನ್ ಮಾಡ್ಬೇಕು, ಎಸಿ ರಿಮೋಟಲ್ಲಿ ಸೆಲ್ ಇಲ್ಲ, ಇವೆಲ್ಲ ನಮ್ಮ ದೇಶದಲ್ಲಿ ರೂಮಿನ ಜೊತೆ ಫ್ರೀ ಬರೋವು.

ಲಾಬೀಲಿ ಕೂತಿದ್ದಾಗ ನನ್ನ ಮಗಳು ಸುಮ್ನಿರದೆ ಓಡಾಡ್ತಾ ಗ್ರೌಂಡ್ ಫ್ಲೋರಲ್ಲಿ ಒಂದು ಬಾಗಿಲ ಮೇಲೆ ವೀಲ್‌ಚೇರ್ ಚಿತ್ರ ಇದೆ ಅಂತ ಬಂದು ಹೇಳಿದ್ಲು. ಹೋಗಿ ನೋಡಿದ್ರೆ ನಿಜವಾಗ್ಲೂ ಇದೆ, ಹಿತ್ತಾಳೆ ಬೋರ್ಡು, ಅಗಲವಾದ ಬಾಗಿಲು. ಬಾಗಿಲು ಅರ್ಧ ತೆಗ್ದಿತ್ತು. ಒಳಗೆ ಎಕ್ಸ್‌ಟ್ರಾ ಬೆಡ್ಡಿನ ಹಾಸಿಗೆಗಳು ಗೋಡೆಗೆ ಒರಗಿಸಿಟ್ಟಿದ್ರು, ಕಾಲು ಮುರಿದ ಕುರ್ಚಿಗಳು, ಆಯುಧಪೂಜೆಗೆ ಕಟ್ಟಿದ್ದ ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ, ಒಂದು ಕೆಟ್ಟ ಫ್ರಿಜ್ಜು. ಬಾತ್‌ರೂಮಲ್ಲಿ ಗೋಡೆಗೆ ಸ್ಟೀಲ್ ಹಿಡಿಗಳು ಚೆನ್ನಾಗೇ ಹಾಕಿದಾರೆ, ಆ ಹಿಡಿಗೆ ಒದ್ದೆ ಮಾಪ್ ಬಟ್ಟೆ ನೇತಾಕಿದ್ರು, ಕಮೋಡ್ ಪಕ್ಕ ಫಿನಾಯಿಲ್ ಕ್ಯಾನು ಸಾಲಾಗಿ. ಅಂದ್ರೆ ಕಟ್ಟಿಸ್ದಾಗ ಯಾರೋ ಗೊತ್ತಿರೋ ಇಂಜಿನಿಯರ್ ಅಳತೆ ಹಾಕಿ ಸರಿಯಾಗೇ ಕಟ್ಟಿದಾನೆ. ಕಾಗದದ ಮೇಲೆ ರೂಮಿದೆ, ನೆಲದ ಮೇಲೆ ಗೋಡೌನಿದೆ.

ಇದನ್ನೇ ಖಾಲಿ ಮಾಡಿಕೊಡಿ ಅಂತ ಕೇಳಿದ್ವಿ. "ಅದನ್ನ ಯಾರೂ ಕೇಳಂಗಿಲ್ರೀ ಸರ್, ವರ್ಷದಾಗ ಒಬ್ರು ಬಂದ್ರೆ ಹೆಚ್ಚು" ಅಂದ್ರು. ಐದು ಮೆಟ್ಟಿಲು ಇಟ್ಬಿಟ್ಟು, ಇರೋ ಒಂದು ರೂಮನ್ನ ಗೋಡೌನ್ ಮಾಡ್ಕೊಂಡು, ಯಾರೂ ಬರಲ್ಲ ಅಂದ್ರೆ ಯಾರ್ ಬರ್ತಾರೆ ಹೇಳಿ? ನಾಳೆ ಬೆಳಿಗ್ಗೆ ಖಾಲಿ ಮಾಡಿಸ್ತೀವಿ ಅಂದ್ರು. ನಾಳೆ ಕೇಳಿದಾಗ ಮಾಲೀಕರು ಊರಲ್ಲಿಲ್ಲ ಅಂದ್ರು. ನಮಗೆ ಕೊಟ್ಟಿದ್ದು ಎರಡನೇ ಫ್ಲೋರಲ್ಲಿ, ಪುಣ್ಯಕ್ಕೆ ಲಿಫ್ಟ್ ಇತ್ತು, ಚೇರು ಹೋಗ್ತಿತ್ತು.

ಬಾತ್‌ರೂಮಿಗೆ ಬರ್ತೀನಿ. ತಂಗಿ ಬ್ಯಾಗಲ್ಲಿ ಯಾವಾಗ್ಲೂ ಒಂದು ಟೇಪ್ ಇಟ್ಕೊಂಡಿರ್ತಾಳೆ, ಬಡಗಿಗಳ ಹತ್ರ ಇರತ್ತಲ್ಲ ಹಳದಿ ಸ್ಟೀಲ್ ಟೇಪು, ಅದು. ಅವಳ ಚೇರು ಆ ಚಕ್ರದ ರಿಮ್ಮಿಂದ ಈ ಚಕ್ರದ ರಿಮ್ಮಿಗೆ 25 ಇಂಚು. ಬಾತ್‌ರೂಮ್ ಬಾಗಿಲು ಚೌಕಟ್ಟಿಂದ ಚೌಕಟ್ಟಿಗೆ 23 ಮುಕ್ಕಾಲು. ಒಂದೂಕಾಲು ಇಂಚು ಕಮ್ಮಿ! ಅದೂ ಬಾಗಿಲು ಪೂರ್ತಿ ತೆರೆದ್ರೆ. ಒಳಗಡೆ ತೆರ್ಕೊಳೋ ಬಾಗಿಲು, ವಾಶ್ ಬೇಸಿನ್ನಿಗೆ ತಾಗಿ ಪೂರ್ತಿ ತೆರ್ಯಲ್ಲ. ಹೊಸ್ತಿಲಿಗೆ ನೀರು ಹೊರಗೆ ಬರ್ದಿರ್ಲಿ ಅಂತ ಎರಡಿಂಚು ಗ್ರಾನೈಟ್ ಕಟ್ಟೆ. ಒಳಗೆ ಹೊಳಪಿನ ಟೈಲ್ಸು, ನೀರು ಬಿದ್ರೆ ನಮಗೇ ಕಾಲು ನಿಲ್ಲಲ್ಲ, ಅಮ್ಮ ಗೋಡೆ ಹಿಡ್ಕೊಂಡೇ ಹೋಗ್ತಿದ್ರು. ಹಿಡ್ಕೊಳೋಕೆ ಅಂತ ಇದ್ದಿದ್ದು ಟವಲ್ ರಾಡು, ಅದು ಅಲ್ಲಾಡ್ತಿತ್ತು.

ಫೋನ್ ಮಾಡಿದ್ದಕ್ಕೆ ಒಬ್ಬ ಹುಡುಗ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟ, ಪಾಪ ತೊಳೆದೇ ತಂದಿದ್ದ. ಪ್ಲಾನ್ ಏನಪ್ಪಾ ಅಂದ್ರೆ ವೀಲ್‌ಚೇರಿಂದ ಪ್ಲಾಸ್ಟಿಕ್ ಕುರ್ಚಿಗೆ ಕೂರ್ಸೋದು, ಆ ಕುರ್ಚಿನ ಹೊಸ್ತಿಲು ದಾಟಿಸಿ ಎಳ್ಕೊಂಡು ಹೋಗೋದು, ಅಲ್ಲಿಂದ ಕಮೋಡಿಗೆ. ಮನೇಲಿ ಇದೆಲ್ಲ ಅವಳೊಬ್ಳೇ ಮಾಡ್ಕೋತಾಳೆ, ಯಾರ ಸಹಾಯಾನೂ ಬೇಕಾಗಲ್ಲ. ಇಲ್ಲಿ ನನ್ನ ಹೆಂಡತಿ ಒಂದು ಕಡೆ, ಅಮ್ಮ ಮಂಡಿ ನೋವಲ್ಲಿ ಇನ್ನೊಂದು ಕಡೆ. ಮೊದಲನೇ ಸಲಾನೇ ಕುರ್ಚಿ ಕಾಲು ಟೈಲ್ಸ್ ಮೇಲೆ ಜಾರ್ತು, ಇಬ್ರೂ ಹಿಡ್ಕೊಂಡಿದ್ದಕ್ಕೆ ಬೀಳ್ಲಿಲ್ಲ. ನಾನು ಹೊರಗೆ ನಿಂತಿದ್ದೆ, ಕುರ್ಚಿ ಗೋಡೆಗೆ ಬಡಿದ ಶಬ್ದ ಕೇಳಿಸ್ತು.

ಅದಾದ್ಮೇಲೆ ಅವಳು ನೀರು ಕುಡಿಯೋದು ಬಿಟ್ಬಿಟ್ಲು. ಇದನ್ನ ಯಾರಿಗೂ ಹೇಳಲ್ಲ, ನಾವೇ ಗಮನಿಸಿ ಕೇಳ್ಬೇಕು. ಮಧ್ಯಾಹ್ನ ಹಂಪಿ ಬಿಸಿಲಲ್ಲಿ ಬಂಡೆಗಳೆಲ್ಲ ಕಾದು ಕೆಂಡ ಆಗಿರತ್ತೆ, ನಾವು ಬಾಟಲ್ ಮೇಲೆ ಬಾಟಲ್ ಖಾಲಿ ಮಾಡ್ತಿದ್ರೆ ಅವಳು ತುಟಿ ಒದ್ದೆ ಮಾಡ್ಕೊಂಡು ಬಾಟಲ್ ವಾಪಸ್ ಕೊಡ್ತಿದ್ಲು. ನೀರು ಕುಡಿದ್ರೆ ಟಾಯ್ಲೆಟ್ಟಿಗೆ ಹೋಗ್ಬೇಕು, ಹೋಗ್ಬೇಕಂದ್ರೆ ಮತ್ತೆ ಕುರ್ಚಿ, ಮತ್ತೆ ಅತ್ತಿಗೆ, ಮತ್ತೆ ಅಮ್ಮ. ವೀಲ್‌ಚೇರ್ ಬಳಸೋ ಹೆಣ್ಮಕ್ಕಳನ್ನ ಯಾರನ್ನ ಬೇಕಾದ್ರೂ ಕೇಳಿ ನೋಡಿ, ಮನೆ ಬಿಟ್ಟು ಹೊರಗೆ ಬಂದ್ರೆ ನೀರು ಬಿಡೋದು ಅವ್ರಿಗೆ ಅಭ್ಯಾಸ ಆಗೋಗಿರತ್ತೆ. ಬೆನ್ನುಹುರಿ ಪೆಟ್ಟಾದವ್ರಿಗೆ ಮೂತ್ರದ ಸೋಂಕು ಬೇಗ ಆಗತ್ತೆ, ಜಾಸ್ತಿ ನೀರು ಕುಡಿಯಮ್ಮಾ ಅಂತ ಡಾಕ್ಟರು ಪ್ರತಿ ಸಲಾನೂ ಹೇಳಿ ಕಳಿಸ್ತಾರೆ. ನಮ್ಮ ಹೋಟೆಲುಗಳು ಕುಡೀಬೇಡ ಅಂತ ಹೇಳ್ತವೆ. ಊರಿಗೆ ಬಂದ್ಮೇಲೆ ಜ್ವರ ಬಂತು, ಆ್ಯಂಟಿಬಯೋಟಿಕ್ ತಗೊಂಡ್ಲು, ಆಫೀಸಿಗೆ ರಜೆ ಹಾಕಿದ್ಲು. ಬಾಗಿಲು ಒಂದೂಕಾಲು ಇಂಚು ಕಮ್ಮಿಯಾದ್ರೆ ಏನಾಗತ್ತೆ ಅಂತ ಯಾರಾದ್ರೂ ಕೇಳಿದ್ರೆ ಇದಾಗತ್ತೆ ಅಂತ ಹೇಳಿ.

ಬೆಳಿಗ್ಗೆ ತಿಂಡಿ ಫ್ರೀ, ಅದೂ ರೂಫ್‌ಟಾಪಲ್ಲಿ, ತುಂಗಭದ್ರಾ ಕಡೆ ಬೆಟ್ಟ ಕಾಣತ್ತೆ ಅಂತ ಆ್ಯಪಲ್ಲಿ ದೊಡ್ಡ ಫೋಟೋ ಹಾಕಿದಾರೆ. ಲಿಫ್ಟ್ ಮೂರನೇ ಫ್ಲೋರಿಗೆ ನಿಲ್ಲತ್ತೆ, ತಿಂಡಿ ಇರೋದು ಅದರ ಮೇಲೆ. ರೂಮಿಗೇ ಕಳಿಸಿ ಅಂದ್ವಿ. ಕಳಿಸಿದ್ರು, ಒಗ್ಗರಣೆ ಮಂಡಕ್ಕಿ ಮಿರ್ಚಿ ಎಲ್ಲ, ರುಚಿ ಚೆನ್ನಾಗೇ ಇತ್ತು, ಸುಳ್ಳು ಹೇಳ್ಬಾರ್ದು. ಚೆಕ್‌ಔಟ್ ಮಾಡುವಾಗ ಬಿಲ್ಲಲ್ಲಿ ರೂಮ್ ಸರ್ವೀಸ್ ಚಾರ್ಜ್ ಅಂತ ಸೇರಿಸಿದ್ರು. ನೀವು ಕಟ್ಟಿರೋ ಮೆಟ್ಟಿಲಿಗೆ ನಾವು ದಂಡ ಕಟ್ಬೇಕಾ ಅಂತ ನಾನು ಜೋರು ಮಾಡಿದ್ಮೇಲೆ ತೆಗೆದ್ರು. ರಾತ್ರಿ ಊಟದ ಬಿಲ್ಲಲ್ಲಿ 10 ಪರ್ಸೆಂಟ್ ಸರ್ವೀಸ್ ಚಾರ್ಜ್ ಬೇರೆ. ಅದನ್ನ ಕೇಳದೇ ಬಿಲ್ಲಿಗೆ ಸೇರಿಸೋ ಹಾಗಿಲ್ಲ ಅಂತ ಗ್ರಾಹಕರ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡ್ಸಿದೆ, ದೆಹಲಿ ಹೈಕೋರ್ಟು 2025ರ ಮಾರ್ಚಲ್ಲಿ ಅದನ್ನ ಎತ್ತಿ ಹಿಡಿದಿದೆ. ತಂಗಿ ಬ್ಯಾಂಕಿನವಳಲ್ವಾ, 1915ಕ್ಕೆ ಫೋನ್ ಮಾಡ್ತೀನಿ ಅಂದಿದ್ದೇ ತಡ ಅದೂ ಮಾಯ ಆಯ್ತು. ಓದ್ತಿರೋರು ನಂಬರ್ ಬರ್ಕೊಳಿ, ಗ್ರಾಹಕರ ಹೆಲ್ಪ್‌ಲೈನು, ಕೆಲಸಕ್ಕೆ ಬರತ್ತೆ.

ಇಷ್ಟೆಲ್ಲ ಆದ್ಮೇಲೂ ಹಂಪಿ ಹಂಪೀನೇ. ವಿಠ್ಠಲ ದೇವಸ್ಥಾನಕ್ಕೆ ಖಾಸಗಿ ಗಾಡಿ ಬಿಡಲ್ಲ, ಪಾರ್ಕಿಂಗಿಂದ ಬ್ಯಾಟರಿ ಗಾಡೀಲಿ ಹೋಗ್ಬೇಕು, ಅದನ್ನ ಓಡಿಸೋದು ಹೆಣ್ಮಕ್ಕಳು. ನಮ್ಮ ಗಾಡಿ ಓಡಿಸಿದ ಹುಡುಗಿ ಏನ್ ಮಾಡಿದ್ಲು ಗೊತ್ತಾ? ಇಳಿದು ಬಂದು ತಂಗಿ ಮುಂದೆ ನಿಂತು, "ಅಕ್ಕಾರ, ನಿಮಗ ಯಾವ ಕಡಿಂದ ಹತ್ತಾಕ ಅನುಕೂಲ ಆಕ್ಕೈತ್ರಿ? ಗಾಡಿ ಹಂಗ ಹಚ್ತೀನಿ" ಅಂತ ಕೇಳಿದ್ಲು. ಅವಳನ್ನೇ ಕೇಳಿದ್ಲು, ನನ್ನನ್ನಲ್ಲ. ಗಾಡಿ ತಿರುಗಿಸಿ ಸೀಟು ಚೇರಿನ ಸಮಕ್ಕೆ ಬರೋ ಹಾಗೆ ನಿಲ್ಲಿಸಿದ್ಲು, ತಂಗಿ ತಾನೇ ಕೈ ಊರಿ ಜರುಗಿ ಕೂತ್ಲು, ಚೇರು ಮಡಚಿ ಹಿಂದೆ ಇಟ್ವಿ, ಒಂದು ನಿಮಿಷದ ಕೆಲಸ. ಆ ಗಾಡಿಗೆ ರ‍್ಯಾಂಪಿಲ್ಲ ಏನಿಲ್ಲ, ಕೇಳೋ ಬುದ್ಧಿ ಒಂದಿತ್ತು. ಆನೆ ಲಾಯದ ಹತ್ರ ಹುಲ್ಲುಹಾಸಿನ ಪಕ್ಕದ ದಾರೀಲಿ ಚೇರು ಚೆನ್ನಾಗಿ ಓಡ್ತು, ಹನ್ನೊಂದು ಗುಮ್ಮಟದ ಕೆಳಗೆ ಒಂದೊಂದು ಕೋಣೆ, ಒಂದೊಂದಕ್ಕೂ ಆನೆ ಹೋಗೋ ಬಾಗಿಲು. "ಆನೆಗೆ ಅಳತೆ ತಗೊಂಡು ಬಾಗಿಲು ಕಟ್ಟಿದಾರಲ್ಲೋ ಅಣ್ಣಾ, ನನ್ನ ಚೇರು ಆನೆಗಿಂತ ದೊಡ್ಡದಾ?" ಅಂತ ಕೇಳಿದ್ಲು. ಅಲ್ಲಿ ಕೆಲವು ಮಂಟಪಕ್ಕೆ ಮೆಟ್ಟಿಲಿದೆ, ಕಲ್ಲುಹಾಸು ಏರುಪೇರು ಇದೆ, ಎಲ್ಲ ಕಡೆ ಅವಳಿಗೆ ಹೋಗೋಕಾಗ್ಲಿಲ್ಲ, ಅದಕ್ಕೆ ನಮ್ಮದೇನೂ ಜಗಳ ಇಲ್ಲ. 500 ವರ್ಷದ ಹಿಂದಿನವ್ರಿಗೆ ವೀಲ್‌ಚೇರ್ ಗೊತ್ತಿರ್ಲಿಲ್ಲ. ಮೊನ್ನೆ ಮೊನ್ನೆ ಹೋಟೆಲ್ ಕಟ್ಟಿಸಿದವ್ರಿಗೆ ಗೊತ್ತಿತ್ತಲ್ಲ, ಹಿತ್ತಾಳೆ ಬೋರ್ಡ್ ಮಾಡಿಸಿದಾರಲ್ಲ!

ಹೊರಡೋ ದಿನ ಮ್ಯಾನೇಜರ್ ಹತ್ರ ಕೂತು ಮಾತಾಡಿದ್ವಿ. ಒಳ್ಳೇ ಮನುಷ್ಯ, ಕಾಫಿ ತರಿಸಿದ್ರು. ಅವ್ರ ಮೊದಲನೇ ಮಾತು, ಹಂಪಿ ವಿಶ್ವ ಪರಂಪರೆ ತಾಣ ಸರ್, ಇಲ್ಲಿ ಒಂದು ಕಲ್ಲು ಇಡಬೇಕಂದ್ರೂ ಪ್ರಾಧಿಕಾರದ ಪರ್ಮಿಷನ್ ಬೇಕು. ಹೌದು, 1986ರಿಂದ ಯುನೆಸ್ಕೋ ಪಟ್ಟೀಲಿದೆ, 2002ರ ಕಾಯ್ದೆ ಪ್ರಕಾರ ಹಂಪಿಗೆ ಒಂದು ಪ್ರಾಧಿಕಾರಾನೂ ಇದೆ, ಆದ್ರೆ ನಿಮ್ಮ ಹೋಟೆಲಿರೋದು ಹೊಸಪೇಟೆ ಪೇಟೆ ಮಧ್ಯ, ಸಿಮೆಂಟ್ ರಥ ಇಡುವಾಗ ಯಾರೂ ತಡೀಲಿಲ್ಲ, ರ‍್ಯಾಂಪಿಗೆ ಯಾಕೆ ತಡೀತಾರೆ ಅಂತ ಕೇಳಿದ್ದಕ್ಕೆ ಅವ್ರು ಎರಡನೇ ಮಾತಿಗೆ ಹೋದ್ರು: ಕಾನೂನಲ್ಲಿ ಇದು ಕಡ್ಡಾಯ ಇಲ್ಲ ಸರ್, ಅವ್ರವ್ರ ಇಷ್ಟ.

ಇಲಾಖೆಯವ್ರೇ, ಇಲ್ಲಿಂದ ನಿಮಗೆ. ಆ ಮಾತು ತಪ್ಪು ಅಂತ ಹೋಟೆಲಿನವ್ರಿಗೆ ಹೇಳೋ ಕೆಲಸ ನಮ್ಮದಾ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡ ಅಂದ್ರೆ ಸರ್ಕಾರದ್ದು ಅಷ್ಟೇ ಅಲ್ಲ, ಜನ ಬಂದು ಹೋಗೋ ಖಾಸಗಿ ಕಟ್ಟಡಾನೂ ಸೇರತ್ತೆ, ವ್ಯಾಪಾರದ್ದು, ವಿಹಾರದ್ದು ಎಲ್ಲ. 44ನೇ ಸೆಕ್ಷನ್ ಪ್ರಕಾರ ನಿಯಮ ಪಾಲಿಸದ ಪ್ಲಾನಿಗೆ ಪರ್ಮಿಷನ್ ಕೊಡೋ ಹಾಗಿಲ್ಲ, ಕಟ್ಟಿದ್ಮೇಲೆ ಕಂಪ್ಲೀಷನ್ ಸರ್ಟಿಫಿಕೇಟೂ ಕೊಡೋ ಹಾಗಿಲ್ಲ. ಮೊದಲೇ ಕಟ್ಟಿರೋವನ್ನ ಸರಿ ಮಾಡ್ಕೊಳೋಕೆ ನಿಯಮ ಬಂದಾಗಿಂದ ಐದು ವರ್ಷ ಟೈಮ್ ಕೊಟ್ಟಿದ್ರು, ನಿಯಮ ಬಂದಿದ್ದು 2017ರ ಜೂನಲ್ಲಿ, ಹಾಗಾದ್ರೆ 2022ರ ಜೂನಿಗೇ ಮುಗೀತು. ಕಾಯ್ದೆ ಮುರಿದ್ರೆ ಮೊದಲನೇ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮುರಿದ್ರೆ 50,000ದಿಂದ 5 ಲಕ್ಷದವರೆಗೆ. ಇನ್ನು ಆ ನಿಯಮಗಳಲ್ಲಿ 15ನೇದು ಕಡ್ಡಾಯ ಅನ್ನೋ ಬದಲು ಬರೀ ಮಾರ್ಗಸೂಚಿಗಳ ಪಟ್ಟಿ ಕೊಟ್ಟು ಬಿಟ್ಟಿತ್ತು, 2024ರ ನವೆಂಬರ್ 8ಕ್ಕೆ ಸುಪ್ರೀಂ ಕೋರ್ಟು, ಕಾಯ್ದೆ ಕಡ್ಡಾಯ ಅನ್ನತ್ತೆ, ನಿಯಮ ಸಲಹೆ ಕೊಡತ್ತೆ, ಇದು ನಡೆಯಲ್ಲ ಅಂತ ಅದನ್ನ ತಳ್ಳಿಹಾಕಿ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳ್ತು. ಅವ್ರವ್ರ ಇಷ್ಟ ಅನ್ನೋ ಮ್ಯಾನೇಜರ್ ಮಾತು ಇದರಲ್ಲಿ ಎಲ್ಲೂ ಇಲ್ಲ.

ಸ್ಟಾರ್ ಹೋಟೆಲುಗಳ ಕಥೆ ಬೇರೆ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಿಂದ ಸ್ಟಾರ್ ಬೇಕಂದ್ರೆ ವಿಕಲಚೇತನರಿಗೆ ಅಂತ ಕನಿಷ್ಠ ಒಂದು ರೂಮ್ ಇರ್ಲೇಬೇಕು. ಆದ್ರೆ ಸ್ಟಾರ್ ತಗೋಳೋದು ಅವ್ರವ್ರ ಇಚ್ಛೆ, ನಮ್ಮಂಥವ್ರು ಇಳ್ಕೊಳೋ ಜಿಲ್ಲಾ ಕೇಂದ್ರದ ಹೋಟೆಲುಗಳಲ್ಲಿ ಬಹಳಷ್ಟು ಅದಕ್ಕೆ ಅರ್ಜೀನೇ ಹಾಕಲ್ಲ. ಟ್ರೇಡ್ ಲೈಸೆನ್ಸ್ ಇದೆ, ಫೈರ್ ಎನ್‌ಒಸಿ ಇದೆ, ಅಡುಗೆಮನೆಗೆ ಎಫ್‌ಎಸ್‌ಎಸ್‌ಎಐ ಅಂತ ಆಹಾರ ಸುರಕ್ಷತೆ ಲೈಸೆನ್ಸ್ ಇದೆ, ಎಲ್ಲಾದ್ರದ್ದೂ ಫ್ರೇಮ್ ಹಾಕಿ ರಿಸೆಪ್ಷನ್ ಗೋಡೆಗೆ ನೇತಾಕಿದಾರೆ. ಈ ಯಾವ ಕಾಗದ ಕೊಟ್ಟವ್ರೂ ಬಾಗಿಲಿಗೆ ಟೇಪ್ ಹಿಡಿದು ನೋಡಿಲ್ಲ.

ಒಂದು ರಾತ್ರೀಲಿ ರಾಜ್ಯದ ಎಲ್ಲ ಹೋಟೆಲುಗಳೂ ಸರಿ ಹೋಗ್ಲಿ ಅಂತ ನಾವು ಕೇಳ್ತಿಲ್ಲ, ಅದು ಆಗಲ್ಲ ಅಂತ ನಮಗೂ ಗೊತ್ತು. ಕೇಳ್ತಿರೋದು ಅಳತೆ. ರಸ್ತೆಯಿಂದ ರಿಸೆಪ್ಷನ್‌ವರೆಗೆ ಎಷ್ಟು ಮೆಟ್ಟಿಲು, ಲಿಫ್ಟ್ ಯಾವ ಫ್ಲೋರಿಂದ ಯಾವ ಫ್ಲೋರಿಗೆ, ರೂಮಿನ ಬಾಗಿಲು ಎಷ್ಟು ಇಂಚು, ಬಾತ್‌ರೂಮ್ ಬಾಗಿಲು ಎಷ್ಟು ಇಂಚು, ಹೊಸ್ತಿಲು ಎತ್ತರ ಎಷ್ಟು, ಕಮೋಡ್ ಪಕ್ಕ ಹಿಡಿ ಇದ್ಯಾ ಇಲ್ವಾ, ಜೊತೆಗೆ ಬಾತ್‌ರೂಮಿನ ಒಂದು ನಿಜವಾದ ಫೋಟೋ. ಇಷ್ಟನ್ನ ಪ್ರತಿಯೊಂದು ಹೋಟೆಲು ಬುಕಿಂಗ್ ಮಾಡೋಕೆ ಮುಂಚೆ ಕಾಣೋ ಹಾಗೆ ಹಾಕ್ಬೇಕು ಅಂತ ಒಂದು ಆರ್ಡರ್ ಮಾಡಿ. 35 ಇಂಚು ಇದ್ರೆ 35 ಅಂತ ಹಾಕ್ಲಿ (ಕೇಂದ್ರದ ಮಾರ್ಗಸೂಚೀಲಿ ಬಾಗಿಲಿಗೆ ಹೇಳಿರೋ 900 ಮಿಲಿಮೀಟರ್ ಅಂದ್ರೆ ಹೆಚ್ಚುಕಮ್ಮಿ ಅಷ್ಟೇ), 23 ಇದ್ರೆ 23 ಅಂತ ಹಾಕ್ಲಿ, ನಾಚಿಕೆ ಏನಿಲ್ಲ. 23 ನೋಡಿ ನಾವು ಬೇರೆ ಕಡೆ ಹೋಗ್ತೀವಿ, 28 ಇರೋ ಹೋಟೆಲಿಗೆ ನಮ್ಮ ದುಡ್ಡು ಹೋಗತ್ತೆ, ಅದನ್ನ ನೋಡಿ 23ರವ್ರು ಬಡಗಿನ ಕರೆಸ್ತಾರೆ. ಹಸಿರು ಟಿಕ್ಕಿಂದ ಇದ್ಯಾವುದೂ ಆಗಲ್ಲ, ಟಿಕ್ಕಿಗೆ ಇಂಚಿಲ್ಲ.

2024-29ರ ಪ್ರವಾಸೋದ್ಯಮ ನೀತಿ ಅಂತ ಮಾಡಿದೀರಿ, ಹೊಸ ಪ್ರಾಜೆಕ್ಟುಗಳಿಗೆ ಸಬ್ಸಿಡಿ, ರಿಯಾಯಿತಿ ಕೊಡ್ತೀರಿ, ಸಂತೋಷ. ಆ ಸಬ್ಸಿಡಿ ಚೆಕ್ ಬರೆಯೋ ಮುಂಚೆ ವೀಲ್‌ಚೇರ್ ಬಳಸೋ ಒಬ್ರನ್ನ, ಮಂಡಿ ನೋವಿನ ಒಬ್ರು ಅಜ್ಜೀನ, ಕಣ್ಣು ಕಾಣದ ಒಬ್ರನ್ನ ಆ ಕಟ್ಟಡದೊಳಗೆ ಒಂದು ರಾತ್ರಿ ಇರೋಕೆ ಕಳಿಸಿ, ಬೆಳಿಗ್ಗೆ ಅವ್ರು ಸರಿ ಅಂದ್ರೆ ಸೈನ್ ಹಾಕಿ. ಅಧಿಕಾರಿಗಳು ಹೋದ್ರೆ ಅವ್ರಿಗೆ ಐದು ಮೆಟ್ಟಿಲು ಕಾಣಲ್ಲ, ನನಗೂ ತಂಗಿ ಆಕ್ಸಿಡೆಂಟಿಗೆ ಮುಂಚೆ ಕಾಣ್ತಿರ್ಲಿಲ್ಲ. ಮೊದಲು ಕೆಎಸ್‌ಟಿಡಿಸಿಯ, ಅಂದ್ರೆ ರಾಜ್ಯದ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳಿಂದಾನೇ ಶುರು ಮಾಡಿ, ಅವು ನಿಮ್ಮ ಕೈಯಲ್ಲೇ ಇವೆ, ಯಾವ ಮಾಲೀಕರ ಕೈಕಾಲೂ ಹಿಡಿಯೋ ಅವಶ್ಯಕತೆ ಇಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ವಿಕಲಚೇತನರು 13 ಲಕ್ಷಕ್ಕೂ ಜಾಸ್ತಿ. ಅದರ ಮೇಲೆ ವಯಸ್ಸಾದ ಅಪ್ಪ ಅಮ್ಮಂದಿರು, ಗರ್ಭಿಣಿಯರು, ಮಂಡಿ ಆಪರೇಷನ್ ಆದವ್ರು. ಇವ್ರ್ಯಾರೂ ಒಬ್ಬೊಬ್ರೇ ಬರಲ್ಲ, ನಮ್ಮ ಹಾಗೆ ಮನೆ ಮಂದಿ ಎಲ್ಲ ಸೇರಿ ಬರ್ತಾರೆ, ಎರಡು ರೂಮ್ ತಗೋತಾರೆ, ಊಟ ಮಾಡ್ತಾರೆ. ವ್ಯಾಪಾರದ ಲೆಕ್ಕದಲ್ಲಾದ್ರೂ ನೋಡಿ ಅಂತ ಹೇಳ್ತಿದೀನಿ, ಕರುಣೆ ನಮಗೆ ಬೇಡ, ನಾಕು ಜನ ಎತ್ಕೊಂಡು ಹೋದಾಗ ಬೇಕಾದಷ್ಟು ಸಿಕ್ತು.

ಹೋಟೆಲಿನವ್ರಿಗೆ ಇನ್ನೊಂದೇ ಮಾತು. ಗೋಡೌನ್ ಆಗಿರೋ ಆ ರೂಮನ್ನ ಖಾಲಿ ಮಾಡಿಸಿ, ಅದಕ್ಕೆ ಯಾವ ನಿಯಮಾನೂ ಕಾಯೋದು ಬೇಡ, ಒಂದು ಮಧ್ಯಾಹ್ನದ ಕೆಲಸ. ಬಾತ್‌ರೂಮ್ ಬಾಗಿಲನ್ನ ಹೊರಗಡೆ ತೆರೆಯೋ ಹಾಗೆ ಮಾಡಿಸಿ. ಹುಡುಗ್ರಿಗೆ ಒಂದು ಹೇಳ್ಕೊಡಿ, ಚೇರಿಗೆ ಕೈ ಹಾಕೋ ಮುಂಚೆ ಕೂತಿರೋರನ್ನ ಕೇಳ್ಬೇಕು ಅಂತ. ಊರಿಗೆ ಬಂದ್ಮೇಲೆ ನಿಮ್ಮಿಂದ ಮೆಸೇಜ್ ಬಂತು, ಅನಾನುಕೂಲಕ್ಕೆ ವಿಷಾದ, ಮುಂದಿನ ಸಲ ಬಂದ್ರೆ 20 ಪರ್ಸೆಂಟ್ ಡಿಸ್ಕೌಂಟ್ ಅಂತ. ಡಿಸ್ಕೌಂಟಲ್ಲಿ ಬಾಗಿಲು ಅಗಲ ಆಗಲ್ಲ. ಅದೇ ಮೆಸೇಜಿಗೆ ತಂಗಿ, ರೂಮ್ ಖಾಲಿ ಆಯ್ತಾ ಅಂತ ವಾಪಸ್ ಕೇಳಿದಾಳೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಮುಂದಿನ ರಜೆಗೆ ಅವಳು ಬಾದಾಮಿ, ಪಟ್ಟದಕಲ್ಲು ಅಂತಿದಾಳೆ. ಬಾದಾಮಿ ಗುಹೆಗಳಿಗೆ ಮೆಟ್ಟಿಲಿದೆ ಅಂತ ಗೊತ್ತು, ಅಗಸ್ತ್ಯ ತೀರ್ಥದ ದಡದಿಂದ ನೋಡ್ತೀನಿ, ಪಟ್ಟದಕಲ್ಲಿನ ದೇವಸ್ಥಾನಗಳು ಸಮತಟ್ಟು ಜಾಗದಲ್ಲಿವೆ, ಅಲ್ಲಿ ಬೇಕಾದಷ್ಟು ಹೊತ್ತು ಓಡಾಡ್ತೀನಿ ಅಂತ ಅವಳ ಪ್ಲಾನು. ಅದಕ್ಕೆ ಇಲಾಖೆಯವ್ರಿಗೆ ನೇರವಾಗಿ ಕೇಳ್ತಿದೀನಿ: ಬಾದಾಮೀಲಿ, ಸರ್ಕಾರಿ ಆಗ್ಲಿ ಖಾಸಗಿ ಆಗ್ಲಿ, ಬಾತ್‌ರೂಮ್ ಬಾಗಿಲು 28 ಇಂಚಿಗಿಂತ ಜಾಸ್ತಿ ಇರೋ, ಹೊಸ್ತಿಲಿಗೆ ಕಟ್ಟೆ ಇಲ್ಲದ, ಬಾಗಿಲಲ್ಲಿ ಮೆಟ್ಟಿಲಿಲ್ಲದ ಒಂದು ರೂಮು ಎಲ್ಲಿದೆ? ಯಾರನ್ನಾದ್ರೂ ಕಳಿಸಿ ಅಳತೆ ತಗೊಂಡು ಹೇಳಿ, ಅಡ್ವಾನ್ಸ್ ಇವತ್ತೇ ಕಟ್ತೀವಿ.

ಇಂತಿ,
ತುಮಕೂರಿನ ಒಬ್ಬ ಅಣ್ಣ
(ತಂಗಿ ಓದಿ ಅಳತೆಗಳನ್ನೆಲ್ಲ ಚೆಕ್ ಮಾಡಿದಾಳೆ)